ನಿವೇಶನ ಮಾರಲು ಬಂದ ಆನೆ

ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ, ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯಿಂದ ದಕ್ಷಿಣಕ್ಕೆ ಕೆಲವು ಮೈಲಿ ಸಾಗಿದರೆ ಮಾರ್ಗೇಟ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿ ಕಡಲಿನ ಮಗ್ಗುಲಲ್ಲಿ, ರಸ್ತೆಯ ಬದಿಗೆ, ಆನೆಯೊಂದು ನಿಂತಿದೆ. ಎತ್ತರ 65 ಅಡಿ. ಒಳಗೆ ಮರದ ಅಸ್ಥಿಪಂಜರ, ಹೊರಗೆ ತಗಡಿನ ಚರ್ಮ, ಬೆನ್ನ ಮೇಲೆ ಅಂಬಾರಿ. ಹೆಸರು ಲೂಸಿ. ಅಂಬಾರಿ ಹೊತ್ತ ಇದು ಏಷ್ಯಾದ ಆನೆಯೇ ಆಗಿದ್ದರೆ, ಉದ್ದನೆಯ ದಂತಗಳಿರುವುದರಿಂದ ಗಂಡಾನೆಯೇ ಸರಿ. ಆದರೂ ಹೆಣ್ಣಿನ ಹೆಸರು! ನಮ್ಮ ಮಾವುತರು ಕಂಡರೆ ನಕ್ಕಾರು.

ಈ ಆನೆ ಹುಟ್ಟಿದ್ದು ಭಕ್ತಿಯಿಂದಲ್ಲ, ಕಲೆಯ ಗೀಳಿನಿಂದಲೂ ಅಲ್ಲ, ನಿವೇಶನ ಮಾರಾಟಕ್ಕಾಗಿ. 1854ರಲ್ಲಿ ಫಿಲಡೆಲ್ಫಿಯಾ ಕಡೆಯಿಂದ ಅಟ್ಲಾಂಟಿಕ್ ಸಿಟಿಗೆ ರೈಲು ಬಂದ ಮೇಲೆ ಬೇಸಿಗೆಯಲ್ಲಿ ನಗರದ ಜನ ಸಮುದ್ರಸ್ನಾನಕ್ಕೆ ಅಲ್ಲಿಗೆ ಧಾವಿಸತೊಡಗಿದರು. ದಕ್ಷಿಣದ ಬರೀ ಮರಳು, ಪೊದೆಗಳ ಜಾಗವನ್ನು ಮಾತ್ರ ಕೇಳುವವರಿರಲಿಲ್ಲ. ಅದನ್ನು ಕೊಂಡಿದ್ದ ಜೇಮ್ಸ್ ಲಾಫರ್ಟಿ 1881ರಲ್ಲಿ ಆನೆ ಕಟ್ಟಿಸಿದ. ಗಿರಾಕಿಗಳನ್ನು ಹಿಂಗಾಲಿನೊಳಗಿನ ಸುರುಳಿ ಮೆಟ್ಟಿಲಿನಿಂದ ಅಂಬಾರಿಗೆ ಹತ್ತಿಸಿ, ಮಾರಾಟಕ್ಕಿರುವ ಜಾಗವನ್ನು ಬೆರಳು ಮಾಡಿ ತೋರಿಸುತ್ತಿದ್ದನಂತೆ. ಪ್ರಾಣಿಯ ಆಕಾರದ ಕಟ್ಟಡಗಳಿಗೆ 1882ರಲ್ಲಿ ಪೇಟೆಂಟ್ ಕೂಡ ಪಡೆದ.

ಇದೇ ಕರಾವಳಿಯಲ್ಲಿ ಇನ್ನೂ ಎರಡು ಆನೆಗಳು ಎದ್ದವು. ನ್ಯೂಯಾರ್ಕಿನ ಕೋನಿ ಐಲೆಂಡ್‌ನದು ಲೂಸಿಗಿಂತ ಬಹಳ ದೊಡ್ಡದು. 1896ರಲ್ಲಿ ಬೆಂಕಿಗೆ ಆಹುತಿಯಾಯಿತು. ಕೇಪ್ ಮೇ ಊರಿನದನ್ನು 1900ರಲ್ಲಿ ಕೆಡವಿದರು. ಲೂಸಿಯಾದರೋ ಕೈಯಿಂದ ಕೈಗೆ ದಾಟಿ ಉಳಿಯಿತು. ಲಾಫರ್ಟಿ ಅದನ್ನು 1887ರಲ್ಲಿ ಆಂಟನ್ ಗೆರ್ಟ್‌ಜೆನ್ ಎಂಬಾತನಿಗೆ ಮಾರಿದ. ಮುಂದೆ ಆನೆಯ ಹೊಟ್ಟೆ ಮದ್ಯದಂಗಡಿಯೂ ಆಯಿತು. 1902ರಲ್ಲಿ ಇಂಗ್ಲೆಂಡಿನ ವೈದ್ಯನೊಬ್ಬನ ಸಂಸಾರಕ್ಕೆ ಬೇಸಿಗೆಯ ಬಾಡಿಗೆ ಮನೆಯೂ ಆಯಿತು.

1960ರ ದಶಕದ ಹೊತ್ತಿಗೆ ಮರ ಕೊಳೆತು, ತಗಡು ತುಕ್ಕು ಹಿಡಿದಿತ್ತು. ಯಾವ ನೆಲಕ್ಕೆ ಬೆಲೆ ತರಲೆಂದು ಆನೆ ನಿಂತಿತ್ತೋ ಆ ನೆಲಕ್ಕೆ ಈಗ ಎಷ್ಟು ಬೆಲೆ ಬಂದಿತ್ತೆಂದರೆ, ಆನೆಯೇ ಅಡ್ಡಿಯಾಗಿತ್ತು! ಜಾಗ ಕಟ್ಟಡ ನಿರ್ಮಿಸುವವರ ಪಾಲಾಯಿತು. ಗೆರ್ಟ್‌ಜೆನ್ ಮನೆತನ ಆನೆಯನ್ನು ಊರಿಗೆ ದಾನ ಕೊಟ್ಟಿತು. ಆದರೆ ಅದನ್ನು ಅಲ್ಲಿಂದ ಎತ್ತಬೇಕು, ಇಲ್ಲವೇ ಕೆಡವಬೇಕು. ಊರಿನವರು ಸಮಿತಿ ಕಟ್ಟಿ, ಮನೆಮನೆಗೆ ಹೋಗಿ ಚಂದಾ ಎತ್ತಿದರು. ಹೊಸ ಜಾಗದ ಬಳಿ ಆಸ್ತಿಯಿದ್ದ ಸಂಸ್ಥೆಯೊಂದು, ಆನೆ ಬಂದರೆ ತನ್ನ ಜಾಗದ ಬೆಲೆ ಇಳಿದೀತೆಂದು ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶರು ತಡೆಯಾಜ್ಞೆ ಕೊಡಲಿಲ್ಲ. 1970ರ ಜುಲೈ 20ರಂದು ಸುಮಾರು 90 ಟನ್ ತೂಕದ ಲೂಸಿ ಗಾಲಿಗಳ ಮೇಲೆ ಹೊರಟಿತು. ಕ್ರಮಿಸಬೇಕಿದ್ದುದು ಎರಡು ಬೀದಿಗಳಷ್ಟು ದೂರ. ಹಿಡಿದದ್ದು ಸುಮಾರು ಏಳು ಗಂಟೆ. ಜಂಬೂಸವಾರಿಗೂ ಇಷ್ಟು ಹೊತ್ತು ಬೇಡ.

1976ರಲ್ಲಿ ಕೇಂದ್ರ ಸರ್ಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸಾರಿತು. ಆದರೆ ಉಪ್ಪುಗಾಳಿ ಸ್ಮಾರಕಗಳನ್ನೂ ಬಿಡುವುದಿಲ್ಲ. ಹಳೆಯ ಹೊದಿಕೆ ಅರ್ಧಕ್ಕಿಂತ ಹೆಚ್ಚು ಹಾಳಾಗಿದ್ದರಿಂದ 2021-22ರಲ್ಲಿ 20 ಲಕ್ಷ ಡಾಲರಿಗೂ ಮೀರಿ ವೆಚ್ಚ ಮಾಡಿ ಮೈತುಂಬ ಹೊಸ ತಗಡು ಹೊದಿಸಬೇಕಾಯಿತು. ಪ್ರವಾಸಿಗರು ಈಗಲೂ ಹಿಂಗಾಲಿನ ಮೆಟ್ಟಿಲೇರಿಯೇ ಅಂಬಾರಿ ತಲುಪುತ್ತಾರೆ. ಲಾಫರ್ಟಿ ಬೆರಳು ಮಾಡಿ ತೋರಿಸುತ್ತಿದ್ದ ಮರಳಿನ ಮೇಲೆ ಸಾಲು ಸಾಲು ಮನೆಗಳು ಕಾಣಿಸುತ್ತವೆ.