ಹಾರ್ಡ್ ಡಿಸ್ಕ್‌ನ ವಿಭಾಗ ಪಟ್ಟಿ: ದತ್ತಾಂಶ ಅಳಿಸದೆ ಎಂಬಿಆರ್‌ನಿಂದ ಜಿಪಿಟಿಗೆ ಬದಲಾವಣೆ

ಕಚೇರಿಯ ಹಳೆಯ ಗಣಕಯಂತ್ರವನ್ನು ವಿಂಡೋಸ್ 11ಕ್ಕೆ ಉನ್ನತೀಕರಿಸಲು ಒಯ್ದಾಗ, "ಡಿಸ್ಕ್ ಎಂಬಿಆರ್ ಇದೆ, ಫಾರ್ಮ್ಯಾಟ್ ಮಾಡಬೇಕು" ಎಂಬ ಉತ್ತರ ದೊರೆಯುವುದುಂಟು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿರುವುದರಿಂದ ಈ ಪ್ರಶ್ನೆ ಪಂಚಾಯತಿಗಳ ಮುಂದೆ ಬರುತ್ತದೆ. ಒಪ್ಪಿಗೆ ನೀಡುವ ಮುನ್ನ ಸದಸ್ಯರು ಆ ಡಿಸ್ಕ್‌ನಲ್ಲಿ ಏನಿದೆಯೆಂದು ವಿಚಾರಿಸುವುದು ಸೂಕ್ತ. ಆನ್‌ಲೈನ್ ತಂತ್ರಾಂಶದಲ್ಲಿ ದಾಖಲಿಸಿದ ಮಾಹಿತಿ ಸರ್ವರ್‌ನಲ್ಲಿರುತ್ತದೆ. ಆದರೆ ಸ್ಕ್ಯಾನ್ ಮಾಡಿದ ಸಭಾ ನಡವಳಿ, ಕಾಮಗಾರಿಗಳ ಛಾಯಾಚಿತ್ರ, ಎಕ್ಸೆಲ್‌ನಲ್ಲಿ ಸಿದ್ಧಪಡಿಸಿದ ನೀರಿನ ಕರದ ಬಾಕಿ ಪಟ್ಟಿ ಮುಂತಾದವು ಆ ಒಂದು ಡಿಸ್ಕ್‌ನಲ್ಲಿ ಮಾತ್ರ ಇರುವ ಸಾಧ್ಯತೆಯಿದೆ.

ಡಿಸ್ಕ್ ಅನ್ನು ಒಂದು ಸರ್ವೆ ನಂಬರಿನ ಜಮೀನು ಎಂದು ಭಾವಿಸಿದರೆ, ಸಿ ಮತ್ತು ಡಿ ಡ್ರೈವ್‌ಗಳು ಅದರ ಹಿಸ್ಸೆಗಳು. ವಿಭಾಗ ಪಟ್ಟಿಯು ಹದ್ದುಗಳನ್ನು ತೋರಿಸುವ ನಕಾಶೆ. 1983ರಲ್ಲಿ ಬಳಕೆಗೆ ಬಂದ ಎಂಬಿಆರ್ ನಕಾಶೆಯು ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲಿ, 512 ಬೈಟ್‌ಗಳೊಳಗೆ ಅಡಕವಾಗಿದೆ. ಅದರಲ್ಲಿ ನಾಲ್ಕು ಮುಖ್ಯ ವಿಭಾಗಗಳಿಗೆ ಮಾತ್ರ ಸ್ಥಳವಿದ್ದು, ಸಾಮಾನ್ಯ ಡಿಸ್ಕ್‌ಗಳಲ್ಲಿ ಸುಮಾರು 2 ಟೆರಾಬೈಟ್‌ಗಿಂತ ಆಚೆಗಿನ ಜಾಗವನ್ನು ಅದು ಗುರುತಿಸಲಾರದು. ಜಿಪಿಟಿಯಲ್ಲಿ ವಿಂಡೋಸ್ 128 ವಿಭಾಗಗಳಿಗೆ ಅವಕಾಶ ನೀಡುತ್ತದೆ. ಮಿಗಿಲಾಗಿ, ನಕಾಶೆಯ ಎರಡನೆಯ ಪ್ರತಿಯು ಡಿಸ್ಕ್‌ನ ಕೊನೆಯಲ್ಲಿರುತ್ತದೆ. ನಕಾಶೆಯನ್ನು ಹೊಸ ನಮೂನೆಯಲ್ಲಿ ಬರೆಯಲು ಜಮೀನಿನ ಬೆಳೆಯನ್ನು ಕೀಳಬೇಕಾಗಿಲ್ಲ.

ವಿಂಡೋಸ್ 10ರ 1703 ಹಾಗೂ ನಂತರದ ಆವೃತ್ತಿಗಳಲ್ಲಿ "ಎಂಬಿಆರ್2ಜಿಪಿಟಿ" ಎಂಬ ಉಪಕರಣ ಅಂತರ್ಗತವಾಗಿದೆ. ಪ್ರತ್ಯೇಕ ತಂತ್ರಾಂಶ ಖರೀದಿಯ ಬಿಲ್ಲಿಗೆ ಕಾರಣವಿಲ್ಲ. ಮೊದಲು ಎಲ್ಲ ಕಡತಗಳನ್ನು ಬಾಹ್ಯ ಡಿಸ್ಕ್‌ಗೆ ನಕಲಿಸಿ, ಕೆಲವನ್ನು ತೆರೆದು ನೋಡಬೇಕು. ಯಂತ್ರವು ಯುಇಎಫ್ಐ ವಿಧಾನವನ್ನು ಬೆಂಬಲಿಸುತ್ತದೆಯೇ ಎಂಬುದನ್ನೂ ಮೊದಲೇ ಖಚಿತಪಡಿಸಿಕೊಳ್ಳಬೇಕು. ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಬಳಿಕ ಅಡ್ಮಿನಿಸ್ಟ್ರೇಟರ್ ಅಧಿಕಾರದೊಂದಿಗೆ ಉಪಕರಣದ "ವ್ಯಾಲಿಡೇಟ್" ಆದೇಶ ನೀಡಿದರೆ ಅದು ಡಿಸ್ಕ್ ಅನ್ನು ಪರಿಶೀಲಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಮುಖ್ಯ ವಿಭಾಗಗಳು ಮೂರಕ್ಕಿಂತ ಹೆಚ್ಚಿದ್ದರೆ ಅಥವಾ ವಿಸ್ತರಿತ ವಿಭಾಗವಿದ್ದರೆ ಇಲ್ಲಿಯೇ ತಿರಸ್ಕೃತವಾಗುತ್ತದೆ. ಯಶಸ್ವಿಯಾದರೆ ಮಾತ್ರ "ಕನ್ವರ್ಟ್" ಆದೇಶ. ಯುಪಿಎಸ್ ಇಲ್ಲದೆ ಈ ಕಾರ್ಯಕ್ಕೆ ಕೈಹಾಕಬಾರದು.

ಪರಿವರ್ತನೆಯ ನಂತರ ಯಂತ್ರದ ಬಯೋಸ್‌ನಲ್ಲಿ ಬೂಟ್ ವಿಧಾನವನ್ನು ಲೆಗಸಿಯಿಂದ ಯುಇಎಫ್ಐಗೆ ಬದಲಿಸದಿದ್ದರೆ ವಿಂಡೋಸ್ ಆರಂಭವಾಗುವುದಿಲ್ಲ. ಅವಸರದವರು ಡಿಸ್ಕ್ ಕೆಟ್ಟಿತೆಂದು ಫಾರ್ಮ್ಯಾಟ್ ಮಾಡಿಬಿಡುವುದು ಈ ಹಂತದಲ್ಲಿಯೇ. ಆಗ ದತ್ತಾಂಶ ಇನ್ನೂ ಸ್ವಸ್ಥಾನದಲ್ಲಿರುತ್ತದೆ.

ಈ ಉಪಕರಣವು ವಿಂಡೋಸ್ ಇರುವ ಡಿಸ್ಕ್‌ಗೆ ಉದ್ದೇಶಿತವಾದುದು. ಕಡತಗಳನ್ನಷ್ಟೇ ಇರಿಸಿದ, 2 ಟೆರಾಬೈಟ್‌ಗಿಂತ ಕಡಿಮೆ ಸಾಮರ್ಥ್ಯದ ಎರಡನೆಯ ಡಿಸ್ಕ್ ಎಂಬಿಆರ್‌ನಲ್ಲಿಯೇ ಮುಂದುವರಿಯಬಹುದು. ವಿಂಡೋಸ್ 11ಕ್ಕೆ ಟಿಪಿಎಂ 2.0 ಹಾಗೂ ಅಂಗೀಕೃತ ಪ್ರೊಸೆಸರ್ ಸಹ ಅಗತ್ಯವಿದ್ದು, ಅವು ಇಲ್ಲದ ಯಂತ್ರದಲ್ಲಿ ಆ ಉದ್ದೇಶಕ್ಕಾಗಿ ಡಿಸ್ಕ್ ಪರಿವರ್ತಿಸುವುದು ನಿಷ್ಪ್ರಯೋಜಕ.