ಬಿರಡೆ ಸಾಲದು, ಮಣಿಯೂ ಬೇಕು

1939ರಲ್ಲಿ ಶುರುವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಕಚೇರಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನಕ್ಕೆ ಹತ್ತು ನಿಮಿಷ ಮುಂಚೆ ಹೋಗಿ ಕೂತರೆ ತಂಬೂರಿಗೆ ಶ್ರುತಿ ಎರಡು ಹಂತದಲ್ಲಿ ಕೂಡುವುದು ಕಾಣುತ್ತದೆ. ಮೊದಲು ಮೇಲಿನ ಬಿರಡೆ ತಿರುಗಿಸಿ ತಂತಿಯನ್ನು ಸ್ವರದ ಹತ್ತಿರಕ್ಕೆ ತರುತ್ತಾರೆ. ಆಮೇಲೆ ಕುದುರೆಯ ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. 1979ರಲ್ಲಿ ಇದೇ ಬೆಂಗಳೂರಿನ ಇಂಜಿನಿಯರ್ ಮತ್ತು ಕೊಳಲುವಾದಕ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಇಂದಿನ ಮಾದರಿಗಳಲ್ಲೂ ಮಣಿಯ ಕೆಲಸಕ್ಕೆ ಬೇರೆಯದೇ ವ್ಯವಸ್ಥೆಯಿದೆ. ಊರಿನ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಮಾತಾಡುವ ಸಿಂಗಲ್ ಸೈಡ್‌ಬ್ಯಾಂಡ್ ರೇಡಿಯೋ ಸೆಟ್ಟಿನಲ್ಲೂ ಅಂಥದೊಂದು ಪುಟ್ಟ ಗುಂಡಿ ಇರುತ್ತದೆ. ಹ್ಯಾಮ್‌ಗಳು ಅದನ್ನು ಆರ್‌ಐಟಿ ಎನ್ನುತ್ತಾರೆ, ಸಿಟಿಜನ್ ಬ್ಯಾಂಡ್‌ನವರು ಕ್ಲಾರಿಫೈಯರ್ ಎನ್ನುತ್ತಾರೆ. ಅಗ್ಗದ ಸೆಟ್ಟಿನ ಕೊರತೆ ಮುಚ್ಚಲು ಹಾಕಿದ ತೇಪೆ ಅದು ಎಂಬ ಮಾತುಂಟು. ನನಗೆ ಹಾಗನ್ನಿಸುವುದಿಲ್ಲ. ಪ್ರಸಾರದಿಂದ ಏನನ್ನು ಕಿತ್ತುಹಾಕಿದ್ದಾರೆ ಎಂದು ತಿಳಿದರೆ, ಆ ಗುಂಡಿ ಇರಲೇಬೇಕಾದದ್ದು ಎಂದು ಗೊತ್ತಾಗುತ್ತದೆ.

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಮಾತಿನ ಜೊತೆಗೆ ಆ 612ರ ವಾಹಕ ತರಂಗವೂ ಪೂರ್ತಿಯಾಗಿ ಬರುತ್ತದೆ, ಮಾತು ಅದರ ಎರಡೂ ಬದಿಗೆ ಕನ್ನಡಿ ಬಿಂಬದಂತೆ ಕೂತಿರುತ್ತದೆ. ಮುಳ್ಳು ಕೊಂಚ ಆಚೀಚೆ ಆದರೂ ಧ್ವನಿಯ ಶ್ರುತಿ ಕೆಡದಿರುವುದು ಇದರಿಂದಲೇ: ತಂಬೂರಿ ಹಾಡಿನೊಳಗೇ ಬಂದಿದೆ. ಆದರೆ ಏನೂ ಮಾತಾಡದ ಆ ವಾಹಕವೇ, ಧ್ವನಿ ತುಂಬಿದ ಹೊತ್ತಿನಲ್ಲೂ, ಒಟ್ಟು ಶಕ್ತಿಯ ಮೂರರಲ್ಲಿ ಎರಡು ಪಾಲನ್ನು ನುಂಗುತ್ತದೆ. ಉಳಿದ ಎರಡು ಬದಿಗಳಲ್ಲಿ ಇರುವುದು ಒಂದೇ ಸುದ್ದಿ. ಸೈಡ್‌ಬ್ಯಾಂಡ್ ಸೆಟ್ಟು ವಾಹಕವನ್ನೂ ಒಂದು ಬದಿಯನ್ನೂ ಕಿತ್ತುಹಾಕಿ, ಉಳಿದ ಒಂದನ್ನೇ ಕಳಿಸುತ್ತದೆ. ಜಾಗ ಅರ್ಧಕ್ಕಿಳಿಯುತ್ತದೆ, ಕೆಲವೇ ವಾಟ್‌ಗಳ ಸೆಟ್ಟೂ ದೂರ ಮುಟ್ಟುತ್ತದೆ. ಬದಲಿಗೆ, ಕಿತ್ತುಹಾಕಿದ ವಾಹಕವನ್ನು ಕೇಳುವವನೇ ತನ್ನ ಸೆಟ್ಟಿನೊಳಗೆ ಹುಟ್ಟಿಸಿ ಸೇರಿಸಿಕೊಳ್ಳಬೇಕು.

ಹಾಗೆ ಹುಟ್ಟಿಸಿದ ವಾಹಕ 100 ಹರ್ಟ್ಸ್ ತಪ್ಪಿದರೆ ಏನು ಮಹಾ, ಶ್ರುತಿ ಒಂದಿಷ್ಟು ಏರಿದಂತೆ ಅಷ್ಟೇ ತಾನೇ ಎನ್ನಬಹುದು. ತಂಬೂರಿಯ ಹೋಲಿಕೆ ಕೈಕೊಡುವುದು ಇಲ್ಲೇ. ಒಂದು ಗಂಡಸಿನ ದನಿ 150 ಹರ್ಟ್ಸ್ ಎಂದುಕೊಳ್ಳಿ. ಅದರ ಮೇಲಿನ ಅನುಸ್ವರಗಳು 300, 450. ಗಾಯಕ ಶ್ರುತಿ ಏರಿಸಿದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗಿ 165, 330, 495 ಆಗುತ್ತವೆ, ಒಂದು-ಎರಡು-ಮೂರರ ನಂಟು ಉಳಿಯುತ್ತದೆ. ರೇಡಿಯೋದ ತಪ್ಪು ಗುಣಿಸುವುದಿಲ್ಲ, ಕೂಡುತ್ತದೆ: 250, 400, 550. ನಂಟೇ ಮುರಿಯಿತು. ಸೈಡ್‌ಬ್ಯಾಂಡ್ ತಪ್ಪಿದಾಗ ಮನುಷ್ಯ ಬಾತುಕೋಳಿಯಂತೆ ವಟಗುಟ್ಟುವುದು ಇದಕ್ಕೇ.

ಸೆಟ್ಟಿನ ಕಂಪನಾಂಕ ಹಿಡಿದಿಡಲು ಒಳ್ಳೆಯ ಸ್ಫಟಿಕ ಹಾಕಿದರೆ ಗುಂಡಿ ಏಕೆ ಎಂಬ ಆಕ್ಷೇಪಕ್ಕೆ ಬಲವಿದೆ. ಹತ್ತು ಲಕ್ಷಕ್ಕೆ ಅರ್ಧ ಪಾಲಿನಷ್ಟೇ ತಪ್ಪುವ ಸ್ಫಟಿಕ 7 ಮೆಗಾಹರ್ಟ್ಸ್‌ನಲ್ಲಿ 3.5 ಹರ್ಟ್ಸ್ ಮಾತ್ರ ಜಾರುತ್ತದೆ. ಅದು ಯಾರ ಕಿವಿಗೂ ತಿಳಿಯದು. ಆದರೆ ನಮ್ಮ ಸೆಟ್ಟು ಸರಿಯಿದ್ದರೆ ಸಾಲದು, ಆ ಕಡೆಯದೂ ಸರಿಯಿರಬೇಕು. 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್‌ನಲ್ಲಿ ಆ ಕಡೆಯ ಹಳೆಯ ಸೆಟ್ಟು ಹತ್ತು ಲಕ್ಷಕ್ಕೆ ಹತ್ತು ಪಾಲು ತಪ್ಪಿದರೆ 270 ಹರ್ಟ್ಸ್ ಹೋಯಿತು. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್‌ನಂಥ ಕೈಯಾರೆ ಕಟ್ಟುವ ಸೆಟ್ಟುಗಳ ಮೊದಲ ಮಾದರಿಗಳು ಸೆಕೆ ಏರಿದಂತೆ ತಾವೂ ಜಾರುತ್ತಿದ್ದವು. ಗಣಕಕ್ಕೆ ಒಪ್ಪಿಸೋಣವೆಂದರೆ, ಅದು ಅನುಸ್ವರಗಳ ನಡುವಿನ 150ರ ಅಂತರವನ್ನು ಅಳೆದು ತಪ್ಪನ್ನು ಊಹಿಸಬಲ್ಲದು, ಆದರೆ ಸರಿಯಾಗಿ 150 ಹರ್ಟ್ಸ್ ತಪ್ಪಿದ ದನಿಯ ಸಾಲೂ ಸರಿಯಿರುವಂತೆಯೇ ಕಾಣುತ್ತದೆ. ಅದು ಮನುಷ್ಯನ ಗಂಟಲಿನಿಂದ ಬಂದ ಸ್ವರದ ಬಣ್ಣವೇ ಅಲ್ಲ ಎಂದು ಹೇಳಲು ಮಾತು ಕೇಳಿ ಬಲ್ಲ ಕಿವಿಯ ಅರಿವು ಬೇಕು.

ಇಷ್ಟೆಲ್ಲ ಒಪ್ಪಿದವರೂ ಒಂದು ಕಡೆ ಎಡವುತ್ತಾರೆ. ಗುಂಡಿ ತಿರುಗಿಸಿದಾಗ ಕೇಳುವುದಷ್ಟೇ ಸರಿಯಬೇಕೋ, ನಾವು ಕಳಿಸುವ ದನಿಯೂ ಸರಿಯಬೇಕೋ? ಅಮೆರಿಕದ ಸಿಟಿಜನ್ ಬ್ಯಾಂಡ್ ಹವ್ಯಾಸಿಗಳಲ್ಲಿ ಹಲವರು ಕ್ಲಾರಿಫೈಯರಿನ ಬೀಗ ಬಿಚ್ಚಿ ಎರಡನ್ನೂ ಒಟ್ಟಿಗೆ ಸರಿಸುತ್ತಾರೆ. ಒಂದೇ ಗುಂಡಿಯಲ್ಲಿ ಕೆಲಸ ಮುಗಿಯಿತು ಎಂಬುದು ಅವರ ವಾದ. ಇಬ್ಬರೂ ಹಾಗೆ ಮಾಡಿದರೆ ನನ್ನನ್ನು ನೀವು, ನಿಮ್ಮನ್ನು ನಾನು ಅಟ್ಟಿಸಿಕೊಂಡು ಹೋಗಿ ಮಾತು ಇದ್ದ ಜಾಗದಿಂದಲೇ ತೆವಳುತ್ತದೆ. ಪಿಟೀಲು ತಂಬೂರಿಗೆ ಕೂಡಬೇಕು. ತಂಬೂರಿ ಪಿಟೀಲನ್ನು ಹುಡುಕಿಕೊಂಡು ಹೋದರೆ ಕಚೇರಿ ನಡೆದಂತೆಯೇ. ನಾಲ್ಕೈದು ಜನ ಸೇರುವ ಹ್ಯಾಮ್ ನೆಟ್‌ನಲ್ಲಿ ನಡೆಸುವವನ ಶ್ರುತಿಗೆ ಮುಖ್ಯ ಡಯಲ್ ಕೂಡಿಸಿಕೊಂಡು, ಉಳಿದವರಿಗೆ, ಕೇಳುವುದನ್ನಷ್ಟೇ ಸರಿಸುವ ಆರ್‌ಐಟಿ ಮಾತ್ರ ತಿರುಗಿಸುವುದು ಈ ಕಾರಣಕ್ಕೆ. ಅದರಲ್ಲೂ ಒಂದು ಮರೆವಿದೆ. ಹಿಂದಿನ ದಿನ ಸರಿಸಿದ ಆರ್‌ಐಟಿಯನ್ನು ಹಾಗೇ ಬಿಟ್ಟವನು ಮುಖ್ಯ ಡಯಲ್ ತಿರುಗಿಸಿ ಎಲ್ಲರನ್ನೂ ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ. ಅವನು ಬಾಯಿಬಿಟ್ಟಾಗ ಮಾತ್ರ ಎಲ್ಲರಿಗೂ ಬಾತುಕೋಳಿ ಕೇಳಿಸುತ್ತದೆ.