ಆಟಿಸಂ: ತಾಯಿಯ ತಪ್ಪು ಎನ್ನುವ ಮೊದಲು

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬಂದಿಲ್ಲ, ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ವೈದ್ಯರು ಆಟಿಸಂ ಎಂದ ಕೂಡಲೇ ಮನೆಯವರ ಪ್ರಶ್ನೆಗಳೆಲ್ಲ ತಾಯಿಯತ್ತ ತಿರುಗುತ್ತವೆ. ಬಸುರಿಯಾಗಿದ್ದಾಗ ಏನು ತಿಂದೆ? ಮೊಬೈಲ್ ಎಷ್ಟು ನೋಡಿದೆ?

ಹಿಂದೆ ವೈದ್ಯರೂ ಹೀಗೆಯೇ ಯೋಚಿಸುತ್ತಿದ್ದರು. 1943ರಲ್ಲಿ ಲಿಯೋ ಕ್ಯಾನರ್ ಅವರು ಆಟಿಸಂ ಅನ್ನು ಗುರುತಿಸಿ ಬರೆದ ನಂತರ, ತಾಯಿಗೆ ಮಗುವಿನ ಮೇಲೆ ಪ್ರೀತಿ ಸಾಲದೆ ಹೀಗಾಗುತ್ತದೆ ಎಂಬ ಮಾತು ಬಹುಕಾಲ ನಡೆಯಿತು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳ ಪೈಕಿ 4 ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಅಂಥ ಒಂದು ಜೋಡಿಯೂ ಇರಲಿಲ್ಲ. ಪ್ರೀತಿಯೇ ಕಾರಣವಾಗಿದ್ದರೆ ಈ ವ್ಯತ್ಯಾಸ ಏಕೆ? ಆಟಿಸಂನಲ್ಲಿ ವಂಶವಾಹಿಗಳ ಪಾಲೇ ಹೆಚ್ಚು ಎಂಬುದನ್ನು ಮುಂದಿನ ದೊಡ್ಡ ಅಧ್ಯಯನಗಳೂ ತೋರಿಸಿವೆ. ವಂಶವಾಹಿಗಳು ತಂದೆಯಿಂದಲೂ ಬರುತ್ತವೆ. ತಂದೆಯ ವಯಸ್ಸು ಹೆಚ್ಚಿದಷ್ಟೂ ಅಪಾಯ ತುಸು ಹೆಚ್ಚುತ್ತದೆ. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ!

ಹಾಗೆಂದು ಗರ್ಭಾವಸ್ಥೆಯಲ್ಲಿ ಎಚ್ಚರಿಕೆ ಬೇಡವೆಂದಲ್ಲ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಔಷಧಿಯಿಂದ ಹುಟ್ಟುವ ಮಗುವಿಗೆ ಆಟಿಸಂ ಬರುವ ಸಾಧ್ಯತೆ ಹೆಚ್ಚು. ಆದರೆ ಅದನ್ನು ತಾನಾಗಿಯೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು. ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬೇಕು.

ರುಬೆಲ್ಲಾ ಇನ್ನೊಂದು. 1964ರಲ್ಲಿ ಅಮೆರಿಕದಲ್ಲಿ ಈ ಸೋಂಕು ಹರಡಿದಾಗ ಗರ್ಭದಲ್ಲೇ ಅದಕ್ಕೆ ತುತ್ತಾದ ಮಕ್ಕಳಲ್ಲಿ ಆಟಿಸಂ ಸಾಮಾನ್ಯಕ್ಕಿಂತ ಬಹಳ ಹೆಚ್ಚಾಗಿ ಕಂಡಿತು. ಇದಕ್ಕೆ ಲಸಿಕೆ ಇದೆ. 2017ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಹಾಕಿದ ದಡಾರ-ರುಬೆಲ್ಲಾ ಚುಚ್ಚುಮದ್ದು ಅದೇ. ಲಸಿಕೆಯಿಂದಲೇ ಆಟಿಸಂ ಬರುತ್ತದೆ ಎಂದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ವಾಟ್ಸಾಪ್‌ನಲ್ಲಿ ಅದು ಇನ್ನೂ ಓಡಾಡುತ್ತಿದೆ. ಗರ್ಭಿಣಿಗೆ ಈ ಲಸಿಕೆ ಕೊಡುವುದಿಲ್ಲ, ಮೊದಲೇ ಹಾಕಿಸಿಕೊಂಡಿರಬೇಕು.

ಶಾಲೆಯಲ್ಲಿ ವಾರಕ್ಕೊಂದು ಕೊಡುತ್ತಿದ್ದ ನೀಲಿ ಮಾತ್ರೆ ನೆನಪಿದೆಯೇ? ಅನೇಕರು ಬ್ಯಾಗಿನಲ್ಲಿ ಬಚ್ಚಿಟ್ಟದ್ದು! ಅದರಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಮಗುವಿನ ಮಿದುಳು, ಬೆನ್ನುಹುರಿಗಳಾಗುವ ನರನಾಳ ಗರ್ಭ ನಿಂತ ಸುಮಾರು 28 ದಿನಗಳೊಳಗೆ, ಎಷ್ಟೋ ಸಲ ತಾಯಿಗೆ ವಿಷಯ ತಿಳಿಯುವ ಮೊದಲೇ, ಮುಚ್ಚಿಕೊಳ್ಳುತ್ತದೆ. ಫೋಲಿಕ್ ಆಮ್ಲ ಆ ದೋಷವನ್ನು ಖಚಿತವಾಗಿ ತಗ್ಗಿಸುತ್ತದೆ. ಆಟಿಸಂ ಸಾಧ್ಯತೆಯನ್ನೂ ತಗ್ಗಿಸಬಹುದೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ಮನೆಯೊಳಗೆ ಯಾರೂ ಬೀಡಿ-ಸಿಗರೇಟು ಸೇದದಿರುವುದು ಹೇಗೂ ಒಳ್ಳೆಯದೇ.

ಇಷ್ಟೆಲ್ಲ ಪಾಲಿಸಿದ ತಾಯಿಗೂ ಆಟಿಸಂ ಇರುವ ಮಗು ಹುಟ್ಟಬಹುದು. ಅಂಥ ಮಕ್ಕಳ ತಪಾಸಣೆ, ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವ್ಯವಸ್ಥೆ ಇದೆ.